ಒಳಗೋಡೆಯಲ್ಲಿ ಇಲ್ಲದ ಸೀಸ

ಮುರಿದ ಶಾಫ್ಟಿನ ತುದಿಯಲ್ಲಿ ಕಿರುಬೆರಳಿನಗಲದ ನೀಲಿ ಪಟ್ಟಿಯಿತ್ತು. ಉಕ್ಕು ಮುನ್ನೂರು ಡಿಗ್ರಿಯ ಆಸುಪಾಸು ಕಾದಾಗ ಬರುವ ಬಣ್ಣ ಅದು. ಅದರ ಪಕ್ಕದಲ್ಲಿ ಒಣಗಿದ್ದ ರಕ್ತವನ್ನು ಯಾರೂ ಒರೆಸಿರಲಿಲ್ಲ.

2023ರ ಬೇಸಿಗೆ. ನಾನು ಶಿರಾದ ಒಂದು ಖಾಸಗಿ ಲೋಹ ಪರೀಕ್ಷಾಲಯದಲ್ಲಿ ಮೆಟಲರ್ಜಿಸ್ಟ್. ಮಧುಗಿರಿ ಕಡೆಯ ಒಂದು ಜಲ್ಲಿ ಕ್ರಷರಿನಲ್ಲಿ, ಶಾಫ್ಟ್ ಕೂರುವ ಕಂಚಿನ ಬುಶ್, ಅಂದರೆ ದಪ್ಪ ಬಳೆಯಂಥ ಭಾಗ, ಬಿಗಿಯಾಗಿ ಕಚ್ಚಿಕೊಂಡು ಶಾಫ್ಟೇ ತುಂಡಾಗಿತ್ತು. ಕಳಚಿದ ಫ್ಲೈವ್ಹೀಲ್ ಎಂಬ ಭಾರಿ ಚಕ್ರ ತಗಡಿನ ಗೋಡೆಯನ್ನು ಸೀಳಿ, ಆಚೆ ಟೀ ಕುಡಿಯುತ್ತ ಕೂತಿದ್ದ ಲೋಡರ್ ಹನುಮಂತನ ಎದೆಯನ್ನು ಜಜ್ಜಿ ಕೊಂದಿತು. ಗ್ರೀಸ್ ಹಾಕದ್ದೇ ಕಾರಣವೆಂದು ಹನುಮಂತನ ಅಣ್ಣ ಕರಿಯಣ್ಣ ಮತ್ತು ಅವನ ಕಡೆಯವರು ಆಪರೇಟರ್ ಓಬಳೇಶನನ್ನು ಜಲ್ಲಿ ರಾಶಿಯ ಮೇಲೆ ಕೆಡವಿ, ಸಲಿಕೆಯ ಮರದ ಕಾವಿನಿಂದ ಅವನ ಎರಡೂ ಮುಂಗೈ ಮುರಿದರು. ಸಾವಿನ ಕೇಸೂ ಓಬಳೇಶನ ಮೇಲೆಯೇ ಬಿತ್ತು. ಅವನು ಜೈಲಿಗೆ ಹೋಗುವುದೂ ಬಿಡುವುದೂ ನನ್ನ ವರದಿಯ ಮೇಲೆ ನಿಂತಿತ್ತು.

ಬಲಸಮುದ್ರದ ಓಬಳೇಶನನ್ನು ಆಸ್ಪತ್ರೆಯಲ್ಲಿ ಕಂಡೆ. "ಪೊದ್ದುನ್ನೇ, ಬೆಳಿಗ್ಗೆ ಬೆಳಿಗ್ಗೇನೇ ಗ್ರೀಸ್ ಹೊಡ್ದಿದ್ದೆ ಮೇಡಮ್ಮೋರೆ. ಈಗ ನೋಡಿ, ಮೂಗು ಕೆರ್ಕೊಳಾಕೂ ಹೆಂಡ್ತೀನ ಕರೀಬೇಕು," ಎಂದ.

ಅವನು ಹೇಳಿದ್ದು ನಿಜ. ಬುಶ್ಶಿನ ಕಾಲುವೆಯಲ್ಲಿ ಗ್ರೀಸ್ ಸುಟ್ಟು ಕಪ್ಪಾಗಿ ತುಂಬಿಕೊಂಡಿತ್ತು. ಹಾಗಿದ್ದರೆ ಕಚ್ಚಿದ್ದೇಕೆ?

ಈ ಕಂಚಿನಲ್ಲಿ ತಾಮ್ರ, ತವರದ ಜೊತೆ ಸೀಸವೂ ಇರುತ್ತದೆ. ಅದು ಪೂರ್ತಿ ಬೆರೆಯದೆ ಸಣ್ಣ ಹನಿಗಳಾಗಿ ಹರಡಿಕೊಳ್ಳುತ್ತದೆ. ಭಾರಕ್ಕೆ ಗ್ರೀಸಿನ ಪದರ ಹರಿದ ಗಳಿಗೆಯಲ್ಲಿ ಶಾಫ್ಟನ್ನು ಜಾರಿಸಿ ಕಾಯುವುದು ಆ ಮೆತ್ತನೆಯ ಹನಿಗಳೇ. ಇಂಥ ಬುಶ್ಶುಗಳನ್ನು ತಿರುಗುವ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಕೇಂದ್ರಾಪಗಾಮಿ ಬಲ ಕರಗಿದ ಲೋಹವನ್ನು ಹೊರಗೋಡೆಗೆ ಒತ್ತಿ ಗಟ್ಟಿಮಾಡುತ್ತದೆ. ವೇಗ ಮಿತಿಮೀರಿದರೆ ಅದೇ ಬಲ, ಎಲ್ಲಕ್ಕಿಂತ ಭಾರವಾದ ಸೀಸವನ್ನೂ ಹೊರಕ್ಕೆ ಎಸೆಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಹೊರ ಅಂಚಿನ ತುಂಬ ಸೀಸದ ಕಪ್ಪು ಚುಕ್ಕೆಗಳಿದ್ದವು. ಶಾಫ್ಟ್ ತಾಗುವ ಒಳ ಅಂಚು ಬೋಳಾಗಿತ್ತು.

ಜಾಮೀನಿನ ಮೇಲಿದ್ದ ಕರಿಯಣ್ಣ ಲ್ಯಾಬಿಗೇ ಬಂದ. "ನಾನ್ ಕಣ್ಣಾರೆ ನೋಡ್ಬೇಕು ಕಣಮ್ಮ." ನೋಡಿದ. "ಈ ಚುಕ್ಕೆನಾ ನನ್ ತಮ್ಮನ್ನ ಕೊಂದಿದ್ದು?"

"ಅಲ್ಲ. ಒಳಗಡೆ ಇರಬೇಕಿತ್ತು, ಇಲ್ಲ. ಅದು ಕೊಂದಿದ್ದು."

ಬುಶ್ ತಯಾರಾದ ಕೊರಟಗೆರೆ ಕಡೆಯ ಫೌಂಡ್ರಿಗೆ ನಾನು ಹೋದಾಗ ಅವನೂ ಕರೆಯದೆ ಬೈಕಿನಲ್ಲಿ ಹಿಂದೆ ಬಂದ. ಅಲ್ಲಿ ಅಚ್ಚು ತಿರುಗಿಸಲು ಕಬ್ಬಿಣದ ಎರಕಕ್ಕೆ ವೇಗದ ಪುಲ್ಲಿ, ಕಂಚಿಗೆ ನಿಧಾನದ ಪುಲ್ಲಿ ಇದ್ದವು. ಕಂಚಿನ ಈ ಬುಶ್ ಹೊಯ್ಯುವಾಗ ಬೆಲ್ಟ್ ಬದಲಿಸುವುದನ್ನು ಅವರು ಬೇಕೆಂದೇ ಬಿಟ್ಟಿದ್ದರು.

"ಜೋರಾಗಿ ತಿರುಗ್ಸಿದ್ರೆ ಹೊರಗಡೆ ಕನ್ನಡಿ ಥರ ಬರುತ್ತೆ ಮೇಡಂ. ಗಿರಾಕಿಗಳು ಬಡಿದು ನೋಡ್ತಾರೆ. ಗಂಟೆ ಥರ ಅನ್ಬೇಕು," ಎಂದರು ಮಾಲೀಕರು.

ಕರಿಯಣ್ಣ ಅವರ ಕತ್ತು ಹಿಡಿದು, ತಿರುಗುತ್ತಿದ್ದ ಕಾದ ಅಚ್ಚಿನ ಕಡೆಗೆ ಮುಖ ಬಗ್ಗಿಸಿದ. "ಲೇ, ಗಂಟೆ ಬೇಕೇನ್ಲಾ? ನಿನ್ ಬುರುಡೇನೇ ಬಾರಿಸ್ತೀನಿ ತಡಿ!" ಹುಬ್ಬಿನ ಕೂದಲು ಸುಟ್ಟ ವಾಸನೆ ಬಂತು. ಕೆಲಸಗಾರರು ಕಬ್ಬಿಣದ ಸರಳು ಹಿಡಿದು ಓಡಿಬಂದರು. ಒಬ್ಬ ಕರಿಯಣ್ಣನ ಬೆನ್ನಿಗೆ ಬೀಸಿಯೇಬಿಟ್ಟ.

ನಾನು ಗಟ್ಟಿಯಾಗಿ ಮಾತಾಡುವವಳಲ್ಲ. ಆದರೂ ಕೂಗಿದೆ: "ಇದರ ಜೊತೆ ಇನ್ನೆಷ್ಟು ಬುಶ್ ಕೊಟ್ರಿ?"

"ಇನ್ನೊಂದು..." ಮಾಲೀಕರಿಗೆ ಉಸಿರು ಸಿಗುತ್ತಿರಲಿಲ್ಲ. "ಆ ಮಧುಗಿರಿ ಕ್ರಷರ್‌ನೋರದ್ದೇ... ಪಾವಗಡದ ಕ್ರಷರಿಗೆ..."

ಕರಿಯಣ್ಣನ ಹಿಡಿತ ಸಡಿಲಿತು. "ಅಲ್ಲಿ ಎಲ್ಲಾ ನಮ್ಮೋರೇ ಅವ್ರೆ ಕಣಮ್ಮ."

ಕ್ರಷರ್ ಓಡಿಸಬೇಡಿ ಎಂದು ಅಲ್ಲಿಂದಲೇ ಫೋನ್ ಮಾಡಿದೆ. ಪಾವಗಡದ ಸೂಪರ್‌ವೈಸರ್ ಹೇಳಿದ: "ಇವತ್ತು ಕರೆಂಟಿಲ್ಲ, ಮೆಷೀನ್ ನಿಂತೈತೆ. ನಾಳೆ ಬೆಳಿಗ್ಗೆ ಓಡಿಸ್ತೀವಿ. ನಿಮ್ ರಿಪೋರ್ಟ್ ಬರ್ಲಿ ಬುಡಿ, ನೋಡಾನ."

ಓಬಳೇಶನ ತಪ್ಪಿಲ್ಲವೆಂದು ಆ ಸಂಜೆಯೇ ವರದಿ ಬರೆದೆ. ಮುರಿದ ಮೂಳೆ ಅದರಿಂದ ಕೂಡುವುದಿಲ್ಲ. ಆದರೆ ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಒಡೆದ ವಸ್ತು ಟೇಬಲ್ಲಿಗೆ ಬಂದಾಗ, ಇನ್ನೂ ಒಡೆಯದ ಅದರ ಜೋಡಿ ಎಲ್ಲಿ ತಿರುಗುತ್ತಿದೆ ಎಂದು ಮೊದಲು ಕೇಳಬೇಕು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಪಾವಗಡಕ್ಕೆ ಹೋದೆ. ಸೂಪರ್‌ವೈಸರ್ ಬರುವ ಮೊದಲೇ ಕ್ರಷರಿನ ಮೂರೂ ಫ್ಯೂಸ್ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಕರಿಯಣ್ಣ ಸ್ಪ್ಯಾನರ್ ತಂದಿದ್ದ. ಬುಶ್ ಬಿಚ್ಚಲು ತುಂಬ ಹೊತ್ತು ಹೆಣಗಾಡಿ, ನನ್ನ ಕಡೆ ನೋಡದೆಯೇ ಹೇಳಿದ: "ಓಬಳೇಶ ಇದ್ದಿದ್ರೆ ಇಷ್ಟೊತ್ಗೆ ಬಿಚ್ಬುಡೋನು."

ನಾನು ಬುಶ್ ಹೊರಬರುವವರೆಗೆ ಬ್ಯಾಗನ್ನು ಮಡಿಲಿನಿಂದ ಇಳಿಸಲಿಲ್ಲ.