ಹಡೆದಾಕೆಯ ಪಾಲಿನ ಹೀರಾಬೋಳ

ಹೀರಾಬೋಳದ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಅರ್ಧ ಧೂಪದ್ದು, ಅರ್ಧ ಔಷಧಿಯದ್ದು. ಈ ಜನವರಿಯ ಮೊದಲ ವಾರ ರಾಯಬಾಗದ ಪೇಟೆಯಲ್ಲಿ ಅದು ನನ್ನನ್ನು ಹಿಡಿದು ನಿಲ್ಲಿಸಿತು. ಮಗಳು ಹಡೆದು ಮೂರು ದಿನವಾಗಿತ್ತು. ಬಾಣಂತಿಯ ಸಾಮಾನು ತರಲು ಹಳೆಯ ಕಿರಾಣಿ ಅಂಗಡಿಗೆ ಹೋಗಿದ್ದೆ. ಅಳವಿ, ಅಂಟು, ಉತ್ತತ್ತಿ, ಒಣಕೊಬ್ಬರಿ ಎಲ್ಲ ಕಟ್ಟಿದ ಮೇಲೆ ಅಂಗಡಿಯ ಸಾಹುಕಾರರು ಮೇಲಿನ ಹಲಗೆಯಿಂದ ಒಂದು ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ಒಳಗೆ ಕೆಂಪು-ಕಂದು ಹರಳುಗಳು.

“ಹೀರಾಬೋಳ ಬೇಕೇನ್ರಿ ಅಕ್ಕೋರ? ಈಗಿನವ್ರು ಯಾರೂ ಒಯ್ಯಂಗಿಲ್ಲ. ನಿಮ್ಮ ವಯಸ್ಸಿನವ್ರಿಗಷ್ಟ ಗೊತ್ತು.”

ಐವತ್ತು ದಾಟಿದ ಹೆಂಗಸು ನಾನು. ಎರಡು ತಲೆಮಾರಿನ ಮಕ್ಕಳಿಗೆ ಶಾಲೆಯಲ್ಲಿ ಬುದ್ಧಿ ಹೇಳಿದವಳು. ಆ ಡಬ್ಬಿಯ ಮುಂದೆ ನಿಂತು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನನ್ನ ಮುಖ ಬಿಸಿಯಾಯಿತು. ಒಂದು ಪುಟ್ಟ ಪೊಟ್ಟಣ ಕಟ್ಟಿಸಿಕೊಂಡು ಬಂದೆ.

ನಮ್ಮ ಊರು ಚಿಂಚಲಿಯ ಆಚೆ, ಕಬ್ಬಿನ ಹೊಲಗಳ ನಡುವೆ. ನಮ್ಮ ಕ್ರೈಸ್ತರ ಮನೆಗಳು ನಲವತ್ತಿರಬಹುದು, ಎಲ್ಲವೂ ಒಂದೇ ಓಣಿಯಲ್ಲಿ. ಓಣಿಯ ತುದಿಗೆ ತಗಡಿನ ಛಾವಣಿಯ ಚರ್ಚು. ಅದರ ಎದುರಿನ ಮನೆ ಸೂಲಗಿತ್ತಿ ಆಯಿಯದು, ಚರ್ಚಿನ ಪಕ್ಕದ್ದು, ಅವಳ ಬಾಗಿಲಿಗೆ ಎದುರಾದದ್ದು, ನಮ್ಮದು. ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ನನ್ನನ್ನೂ ಸೇರಿಸಿ. ಕುಳ್ಳಗಿನ ದೇಹ, ಬುಡಮಟ್ಟ ಕತ್ತರಿಸಿದ ಉಗುರು, ಸೆರಗಿನ ತುದಿಗೆ ಸದಾ ಒಂದು ಗಂಟು. ಬೇರೆ ಮುದುಕಿಯರು ಅಂಥ ಗಂಟಿನಲ್ಲಿ ತಂಬಾಕು ಇಟ್ಟುಕೊಳ್ಳುತ್ತಿದ್ದರು. ಇವಳ ಗಂಟಿನಲ್ಲಿ ಇರುತ್ತಿದ್ದದ್ದು ಹೀರಾಬೋಳ. ಹಡೆದ ಹೆಂಗಸಿಗೆ ಕಡಲೆಕಾಳಿನಷ್ಟು ಬೋಳವನ್ನು ಬೆಲ್ಲದಲ್ಲಿ ಸುತ್ತಿ ನುಂಗಿಸಿದರೆ ಹೊಟ್ಟೆ ಸ್ವಚ್ಛವಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

ಊರಿನ ದೊಡ್ಡ ಮನೆಗಳವರೂ ಹೊತ್ತಲ್ಲದ ಹೊತ್ತಿನಲ್ಲಿ ಅವಳನ್ನು ಕರೆಸುತ್ತಿದ್ದರು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಅವರ ಮೊಮ್ಮಗನನ್ನು ಎಲ್ಲರಿಗಿಂತ ಮೊದಲು ತಾನು ಎತ್ತಿಕೊಂಡು, ಅದೇ ಹಿತ್ತಲ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು. ಅದರ ಬಗ್ಗೆ ಅವಳು ಏನಾದರೂ ಅಂದದ್ದನ್ನು ನಾನು ಕೇಳಿಲ್ಲ. ವರ್ಷಕ್ಕೊಮ್ಮೆ ಮಾತ್ರ ಅವಳು ಮುಂಬಾಗಿಲಲ್ಲಿ ಕೂರುತ್ತಿದ್ದಳು. ಅದು ಚರ್ಚಿನ ಮುಂಬಾಗಿಲು, ಮೂರು ರಾಜರ ಹಬ್ಬದ ದಿನ.

ಕ್ರಿಸ್ಮಸ್ ಮುಗಿದು ಹತ್ತು-ಹನ್ನೆರಡು ದಿನಕ್ಕೆ ಬರುವ ಹಬ್ಬ ಅದು. ನಕ್ಷತ್ರ ನೋಡಿಕೊಂಡು ದೂರದೇಶದಿಂದ ಬಂದ ಮೂವರು ರಾಜರು ಬಾಲಯೇಸುವಿಗೆ ಚಿನ್ನ, ಧೂಪ, ರಕ್ತಬೋಳ ಕಾಣಿಕೆ ಕೊಟ್ಟರಲ್ಲ, ಅದನ್ನು ನಾವು ನಡೆಸಿ ತೋರಿಸುತ್ತಿದ್ದೆವು. ಆ ರಕ್ತಬೋಳವೇ ನಮ್ಮ ಹೀರಾಬೋಳ. ಓಣಿಯ ಮೂವರು ಗಂಡಸರು ತಮ್ಮ ಮದುವೆಯ ಫೇಟಾ ಸುತ್ತಿ, ಹೆಂಡತಿಯ ರೇಶಿಮೆ ಸೀರೆ ಹೆಗಲಿಗೆ ಹೊದ್ದು ರಾಜರಾಗುತ್ತಿದ್ದರು. ಒಮ್ಮೆ ಒಬ್ಬ ರಾಜ ಕಿವಿಗೆ ಬೀಡಿ ಸಿಕ್ಕಿಸಿಕೊಂಡೇ ಬಂದಿದ್ದ. ಮೊದಲನೆಯವನ ಕೈಯಲ್ಲಿ ಯಾರದೋ ಮನೆಯ ಬುಗುಡಿ, ಎರಡನೆಯವನ ಕೈಯಲ್ಲಿ ಕೆಂಡದ ಮೇಲೆ ಲೋಬಾನ. ಮೂರನೆಯವನು ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅಲ್ಲಿ ಆಯಿ ಸೆರಗಿನ ಗಂಟು ಬಿಚ್ಚಿ, ಬೋಳವನ್ನೂ ಆ ವರ್ಷದ ಹೊಸ ಬೆಲ್ಲದ ಒಂದು ತುಣುಕನ್ನೂ ಅವನ ಅಂಗೈಗೆ ಹಾಕುತ್ತಿದ್ದಳು. “ಕೂಸಿಗಲ್ಲಪಾ, ಹಡದಾಕಿಗಿ” ಎನ್ನುತ್ತಿದ್ದಳು. ಅವನು ಬಾಲಯೇಸುವಿನ ಬೊಂಬೆ ಮಲಗಿಸಿದ ಗೋದಲಿಯ ಮುಂದೆ ಮೊಣಕಾಲೂರಿ ಅದನ್ನು ತಾಯಿ ಮರಿಯಮ್ಮನ ಪಾದದ ಹತ್ತಿರ ಇಡುತ್ತಿದ್ದ. ಪೂಜೆ ಮುಗಿದ ಮೇಲೆ ಆ ವರ್ಷ ಹಡೆದ ಹೆಂಗಸರು ಬಂದು ಅದರಿಂದಲೇ ಒಂದು ಚೂರು ತೆಗೆದುಕೊಳ್ಳುತ್ತಿದ್ದರು. ಈ ಪದ್ಧತಿ ಯಾವಾಗಿನದೋ... ನಮ್ಮ ಅವ್ವನಿಗೂ ಗೊತ್ತಿರಲಿಲ್ಲ.

ಮೂವತ್ತು ವರ್ಷದ ಹಿಂದಿನ ಮಾತು. ನಾನು ಆಗಷ್ಟೇ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದು ಮುಗಿಸಿ ಊರಿಗೆ ಮರಳಿದ್ದೆ. ಇಪ್ಪತ್ತೆರಡು ವರ್ಷ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಕೆಲಸವನ್ನು ಫಾದರ್ ನನಗೇ ವಹಿಸಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ನಾನೂ ಹಾಗೆಯೇ ಒಗೆದೆ. ಹಾಡು ತಿದ್ದಿದೆ, ಜಪ ತಿದ್ದಿದೆ, ಮುದುಕರು ಮೊಣಕಾಲೂರುವ ರೀತಿಯನ್ನೂ ತಿದ್ದಿದೆ. ಆ ಜನವರಿಯಲ್ಲಿ ನನ್ನ ಕಾನ್ವೆಂಟಿನ ನಾಲ್ವರು ಸಿಸ್ಟರುಗಳು ನಮ್ಮ ಹಬ್ಬ ನೋಡಲು ಬರುವವರಿದ್ದರು. ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ರಾಜರು ಅವರ ಕಣ್ಣಿಗೆ ರಾಜರ ಹಾಗೆ ಕಾಣಬೇಕಿತ್ತು.

ರಟ್ಟಿನಿಂದ ಮೂರು ಪೆಟ್ಟಿಗೆ ಮಾಡಿದೆ. ಬಂಗಾರದ ಬಣ್ಣದ ಬೇಗಡೆ ಕಾಗದ ಅಂಟಿಸಿದೆ. ಖಾಲಿ ಪೆಟ್ಟಿಗೆ ಹಿಡಿದರೆ ಕೈ ಹಗುರ ಕಾಣುತ್ತದೆಂದು ಒಂದೊಂದರಲ್ಲೂ ಗೋಡೆ ಕಟ್ಟುವ ಇಟ್ಟಂಗಿಯ ತುಂಡು ಇಟ್ಟೆ. ಆಮೇಲೆ ಆಯಿಯ ಮನೆಗೆ ಹೋದೆ.

“ಆಯಿ, ಈ ಸಲ ಬೋಳ ತರಬ್ಯಾಡ. ಪೆಟ್ಟಿಗಿ ಮಾಡೀನಿ.”

“ಪೆಟ್ಟಿಗ್ಯಾಗ ಏನ ಇಟ್ಟೀ ತಂಗಿ?”

“ಏನಿದ್ರೇನ, ಮುಚ್ಚಿರತೈತಿ. ಅದೂ ಅಲ್ಲದ, ಬೋಳ ಬಾಣಂತಿಗಲ್ಲ. ಆಗಿನ ಕಾಲದಾಗ ಸತ್ತವರ ಮೈಗೆ ಹಚ್ಚತಿದ್ರು. ಯೇಸು ಮುಂದ ಸಾಯ್ತಾನ ಅನ್ನೂ ಗುರ್ತಿಗೆ ಕೊಟ್ಟದ್ದು ಅದು. ಪುಸ್ತಕದಾಗ ಐತಿ.”

ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಇರಬಹುದವಾ, ನೀ ಓದಿದಾಕಿ. ನಾ ಅಂತೂ ಸತ್ತವರಿಗೆ ಎಂದೂ ಕೊಟ್ಟಿಲ್ಲ. ಆಗಷ್ಟ ಹಡದ ಹೆಣ್ಮಗಳು ದನದ ಕೊಟ್ಟಿಗ್ಯಾಗ ಕುಂತಾಳ. ಬಂದವ್ರೆಲ್ಲಾ ಕೂಸಿನ ಮಾರಿ ನೋಡಿ ಹೋಗ್ಯಾರ. ಆಕಿಗಿ ಯಾರ ಏನ ಕೊಟ್ರ ಹೇಳು?”

ನನಗೆ ಸಿಟ್ಟು ಬಂತು. ಬಾಗಿಲಲ್ಲಿ ಕೂರಬೇಡ, ಒಳಗೆ ಎಲ್ಲರ ಜೊತೆ ಕೂತುಕೋ ಎಂದು ಹೇಳಿ ಎದ್ದು ಬಂದೆ.

ಹಬ್ಬದ ದಿನ ಅವಳು ಬಾಗಿಲಲ್ಲೇ ಕೂತಿದ್ದಳು. ಹಟಕ್ಕಲ್ಲ. ಅಷ್ಟು ವರ್ಷ ಕೂತ ಜಾಗ, ಕಾಲು ತಾನಾಗಿ ಅಲ್ಲಿಗೇ ಒಯ್ದಿರಬೇಕು. ನಾನು ಗೋದಲಿಯ ಪಕ್ಕದಲ್ಲಿ ಮೈಕು ಹಿಡಿದು ಕಥೆ ಓದುತ್ತಿದ್ದೆ. ಸಿಸ್ಟರುಗಳು ಮುಂದಿನ ಕುರ್ಚಿಗಳಲ್ಲಿದ್ದರು. ಇಬ್ಬರು ರಾಜರು ಪೆಟ್ಟಿಗೆ ಹಿಡಿದು ಒಳಗೆ ಬಂದರು. ಮೂರನೆಯ ರಾಜ ನನ್ನ ದೊಡ್ಡಪ್ಪನ ಮಗ, ಟ್ರ್ಯಾಕ್ಟರ್ ಓಡಿಸುವವನು. ರೂಢಿಯ ಹಾಗೆ ಬಾಗಿಲಲ್ಲಿ ನಿಂತುಬಿಟ್ಟ. ಆಯಿ ಎದ್ದು ಅಂಗೈ ಚಾಚಿದಳು. ಬೋಳ, ಬೆಲ್ಲ. ಅವನು ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡು ನನ್ನ ಮುಖ ನೋಡಿದ. ಎಲ್ಲರೂ ತಿರುಗಿ ನೋಡಿದರು. ಸಿಸ್ಟರುಗಳೂ ನೋಡಿದರು.

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು.

“ಆಯಿ, ಇದು ಚರ್ಚ್ ಐತಿ, ಬಾಣಂತಿ ಕೋಣಿ ಅಲ್ಲ. ಸರದು ಕುಂದ್ರು.”

ತಗಡಿನ ಛಾವಣಿಗೆ ಬಡಿದು ಆ ಮಾತು ಎರಡು ಸಲ ಕೇಳಿಸಿತು. ಮೊದಲು ನಕ್ಕದ್ದು ನಾನು ಕಲಿಸುತ್ತಿದ್ದ ಮಕ್ಕಳು. ಆಮೇಲೆ ದೊಡ್ಡವರಲ್ಲೂ ಕೆಲವರು ನಕ್ಕರು, ಅವಳ ಕೈಯಲ್ಲಿ ಹುಟ್ಟಿದವರೇ. ಆಯಿ ಚಾಚಿದ ಕೈಯನ್ನು ಮುಷ್ಟಿ ಮಾಡಿಕೊಂಡು ಗೋಡೆಗೆ ಸರಿದು ರಾಜನಿಗೆ ದಾರಿ ಬಿಟ್ಟಳು. ಅವನು ಬಂದು ಪೆಟ್ಟಿಗೆಯನ್ನು ಕೂಸಿನ ಮುಂದೆ ಇಟ್ಟ. ಇಟ್ಟಂಗಿ ಟಪ್ಪೆಂದು ಸದ್ದು ಮಾಡಿತು.

ಚಹಾ ಕುಡಿಯುವಾಗ ಹಿರಿಯ ಸಿಸ್ಟರ್ ಕೇಳಿದರು, “ಬಾಗಿಲ ಹತ್ತಿರ ಆ ಅಜ್ಜಿ ಏನು ಕೊಡಲು ಬಂದಿದ್ದರು?”

“ಏನೋ ನಾಟಿ ಔಷಧಿ ಸಿಸ್ಟರ್. ವಯಸ್ಸಾಗಿದೆ, ತಿಳಿಯುವುದಿಲ್ಲ” ಎಂದೆ. ಅವರ ಹಾಗೆ ಶುದ್ಧವಾಗಿ ಮಾತಾಡಿದೆನೆಂಬ ಹೆಮ್ಮೆಯೂ ಆಗ ಇತ್ತು. ಇದನ್ನು ಬರೆಯುವಾಗ ಪೆನ್ನು ಕೆಳಗಿಟ್ಟು ಎದ್ದುಹೋಗಬೇಕೆನಿಸುತ್ತದೆ.

ಅವತ್ತು ಮಧ್ಯಾಹ್ನ ಅವ್ವ ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದಳು. ನಾನೇ ಕೆಣಕಿದೆ, ಏನಾಯಿತೆಂದು. ಹಂಚಿನ ಮೇಲಿನ ರೊಟ್ಟಿ ಹೊರಳಿಸಿ ಹಾಕಿ ಅಂದಳು, “ನೀ ಹುಟ್ಟಿದಾಗ ನಾ ಉಳಿಯೂದು ಕಷ್ಟ ಇತ್ತು. ಎಲ್ಲಾರೂ ನಿನ್ನ ಎತ್ತಿ ಆಡಸಾಕ ಹತ್ತಿದ್ರು. ಮೂರು ದಿನ ನನ್ನ ಹೊಟ್ಟಿ ಮ್ಯಾಲ ಕೈ ಇಟ್ಟು ಕುಂತಾಕಿ ಆಕಿ ಒಬ್ಬಾಕಿನ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಎದುರು ಮನೆಗೆ ಹೋಗಿ ತಪ್ಪಾಯಿತು ಆಯಿ ಎನ್ನಲು ಎಷ್ಟು ಹೆಜ್ಜೆ ಬೇಕಿತ್ತು? ಹೋಗಲಿಲ್ಲ. ಮುಂದಿನ ವರ್ಷ ಅವಳು ಬಾಗಿಲಲ್ಲಿ ಕೂರಲಿಲ್ಲ. ಹೆಂಗಸರ ನಡುವೆ ಎಲ್ಲೋ ಕೂತಿದ್ದಳು. ಹಡೆದ ಹೆಂಗಸರು ಪೂಜೆ ಮುಗಿದೊಡನೆ ಮನೆಗೆ ಹೋದರು. ಪೆಟ್ಟಿಗೆಗಳನ್ನು ಫಾದರ್ ಹೊಗಳಿದರು. ಅಲ್ಲಿಂದ ಅದೇ ಪದ್ಧತಿಯಾಯಿತು.

ಅಷ್ಟರಲ್ಲಿ ಅದೇ ಓಣಿಯ ಇನ್ನೊಂದು ಮನೆಗೆ ಸೊಸೆಯಾಗಿ ಹೋಗಿದ್ದೆ. ಅದರ ಮುಂದಿನ ವರ್ಷ ಮಳೆಗಾಲದಲ್ಲಿ ನಾನು ಆಸ್ಪತ್ರೆಯಲ್ಲಿ ಹಡೆದು ತವರಿಗೆ ಬಂದೆ. ಮೂರನೆಯ ದಿನ ಆಯಿ ಬಂದಳು. ಎಲ್ಲರೂ ತೊಟ್ಟಿಲಿನ ಕಡೆ ಹೋದರೆ ಅವಳು ನೇರ ನನ್ನ ಹಾಸಿಗೆಯ ಹತ್ತಿರ ಬಂದು ಕೂತಳು. ಅವ್ವನ ಹತ್ತಿರ ಬೆಲ್ಲ ಇಸಿದುಕೊಂಡು, ಸೆರಗಿನ ಗಂಟು ಬಿಚ್ಚಿ, ಬೋಳ ಸುತ್ತಿ ನನ್ನ ಬಾಯಿಗೆ ಹಾಕಿದಳು. ಆಗಲಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

“ಭಾಳ ಕಹಿ ಐತಿ ಆಯಿ.”

“ಕಹಿ ಇದ್ರನ ಒಳಗಿಂದು ಹೊರಗ ಬೀಳೂದವಾ. ನುಂಗು.”

ನುಂಗಿದೆ. ಒಳಗಿನದು ಹೊರಗೆ ಬೀಳಲಿಲ್ಲ.

ಮಗಳಿಗೆ ನಾಲ್ಕು ವರ್ಷವಿದ್ದಾಗ ಆಯಿ ತೀರಿಕೊಂಡಳು, ಮೂರು ರಾಜರ ಹಬ್ಬ ಮುಗಿದ ಎರಡನೆಯ ದಿನ. ಹಬ್ಬಕ್ಕೆ ಉಟ್ಟ ಸೀರೆಯನ್ನೇ ಉಡಿಸೋಣವೆಂದು ಅವ್ವ ಗೂಟದ ಮೇಲಿಂದ ತೆಗೆದಳು. ಸೆರಗಿನಲ್ಲಿ ಗಂಟಿತ್ತು. ಬಿಚ್ಚಿದರೆ ಬೋಳ, ಜೊತೆಗೆ ಹೊಸ ಬೆಲ್ಲದ ತುಣುಕು. ಬೋಳ ಅವಳ ಹತ್ತಿರ ವರ್ಷವಿಡೀ ಇರುತ್ತಿತ್ತು. ಬೆಲ್ಲ ಕಟ್ಟಿಕೊಳ್ಳುತ್ತಿದ್ದದ್ದು ಆ ಹಬ್ಬಕ್ಕೆ ಮಾತ್ರ. ಎಂದರೆ ಆ ವರ್ಷವೂ ತಂದಿದ್ದಳು... ಪ್ರತಿ ವರ್ಷವೂ ತಂದಿದ್ದಳೋ ಏನೋ. ಹೆಂಗಸರ ನಡುವೆ ಕೂತು, ಯಾರಾದರೂ ಕರೆದಾರು ಎಂದು ಕಾದಿದ್ದಳು. ಕರೆಯಬೇಕಾದವಳು ಮೈಕು ಹಿಡಿದು ನಿಂತಿದ್ದೆ.

ಅವ್ವ ಆ ಬೋಳವನ್ನು ನನ್ನ ಕೈಗೆ ಹಾಕಿದಳು. “ಸತ್ತವರಿಗೆ ಅಂತ ನಿನ್ನ ಪುಸ್ತಕದಾಗ ಐತೆಲ್ಲ. ಇಡು.”

ಶವಪೆಟ್ಟಿಗೆಯಲ್ಲಿ, ಆ ಬುಡಮಟ್ಟ ಉಗುರಿನ ಕೈಗಳ ನಡುವೆ ಇಟ್ಟೆ. ಜೀವಮಾನವೆಲ್ಲ ಹಡೆದವರಿಗೆ ಕೊಟ್ಟವಳಿಗೆ ಅದು ಕೊನೆಗೆ ನನ್ನ ಅರ್ಥದಲ್ಲಿ ಸಿಕ್ಕಿತು. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ ಎಂಬುದು ಅವತ್ತು ಮಣ್ಣು ಹಾಕಲು ಮೊದಲು ಯಾರು ಮುಂದೆ ಬರಬೇಕೆಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ ನನ್ನ ತಲೆಗೆ ಹೊಳೆಯಿತು. ಅಷ್ಟು ವರ್ಷ ಎದುರಿಗೇ ಇದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ.

ಆಮೇಲೂ ಹಲವು ವರ್ಷ ಹಬ್ಬ ನಡೆಸಿದವಳು ನಾನೇ. ಒಂದು ಮಾತು ಹೇಳಿದ್ದರೆ ಹಳೆಯ ಪದ್ಧತಿ ಮರಳುತ್ತಿತ್ತು. ಹೇಳಿದರೆ ಯಾಕೆ ಬಿಟ್ಟಿದ್ದೆವು ಎಂದು ಯಾರಾದರೂ ಕೇಳುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಈ ಸಲ ತಂದ ಪೊಟ್ಟಣವನ್ನು ಮಗಳ ಮುಂದೆ ಬಿಚ್ಚಿದೆ. “ವಾಸನಿ ಬರತೈತಿ, ಅತ್ಲಾಗ ಇಡ ಯವ್ವಾ” ಎಂದು ಮುಖ ತಿರುಗಿಸಿದಳು. ಒತ್ತಾಯಿಸಲು ನನಗೆ ಯಾವ ಬಾಯಿ? ಆ ಭಾನುವಾರವೇ ಮೂರು ರಾಜರ ಹಬ್ಬ. ಬೋಳವನ್ನೂ ಒಂದು ತುಣುಕು ಹೊಸ ಬೆಲ್ಲವನ್ನೂ ಸೆರಗಿಗೆ ಕಟ್ಟಿಕೊಂಡು ಚರ್ಚಿಗೆ ಹೋದೆ. ಬಾಗಿಲ ಪಕ್ಕ, ಆಯಿ ಕೂರುತ್ತಿದ್ದ ಜಾಗದಲ್ಲಿ ಕೂತೆ. ಈಗ ಹಬ್ಬ ನಡೆಸುವ ಹುಡುಗಿ ನನ್ನ ಹತ್ತಿರವೇ ಕಲಿತವಳು. “ಅಕ್ಕೋರ, ಒಳಗ ಬರ್ರಿ, ಕುರ್ಚಿ ಐತಿ” ಎಂದು ಎರಡು ಸಲ ಕರೆದಳು. ಇಲ್ಲೇ ಇರಲಿ ಎಂದೆ.

ರಾಜರು ಬಂದರು. ಕಾಲೇಜು ಓದುವ ಹುಡುಗರು, ಬಾಡಿಗೆಯ ಅಂಗಿ, ಕಿರೀಟ. ಮೂರನೆಯವನ ಕೈಯಲ್ಲಿ ಅದೇ ಪೆಟ್ಟಿಗೆ. ಬೇಗಡೆ ಕಾಗದ ಹೊಸದು, ಒಳಗಿನ ಇಟ್ಟಂಗಿ ನಾನಿಟ್ಟದ್ದೇ. ನಾನು ಎದ್ದು ಗಂಟು ಬಿಚ್ಚಿ ಅಂಗೈ ಚಾಚಿದೆ. ‘ಹಡೆದಾಕೆಗೆ’ ಎಂದದ್ದು ನನಗಷ್ಟೇ ಕೇಳಿಸಿತು. ಅವನಿಗೇನು ಗೊತ್ತು ಪಾಪ. ದಾರಿಗೆ ಅಡ್ಡ ನಿಂತಿದ್ದೇನೆ ಎಂದುಕೊಂಡ.

“ಸ್ವಲ್ಪ ಸರೀರಿ ಅಕ್ಕೋರ” ಎಂದ, ಬಹಳ ಮರ್ಯಾದೆಯಿಂದ.

ಗೋಡೆಗೆ ಸರಿದೆ. ಪೆಟ್ಟಿಗೆ ಟಪ್ಪೆಂದು ಕೂಸಿನ ಮುಂದೆ ಕೂತ ಸದ್ದು ಕೇಳಿಸಿತು. ಮುಷ್ಟಿ ಮುಚ್ಚಿಕೊಂಡೆ. ಬೆಲ್ಲ ಕರಗಿ ಬೆರಳಿಗೆ ಅಂಟಿತ್ತು.