ಅತ್ತೆ ತುಂಬಿ ಕಳಿಸುತ್ತಿದ್ದ ಡಬ್ಬಿ

ಪಕ್ಕದ ಮನೆಯ ಪದ್ಮಕ್ಕ ಹೋಳಿಗೆ ಹಾಕಿ ಕಳಿಸಿದ್ದ ಸ್ಟೀಲ್ ಡಬ್ಬಿ ಮೊನ್ನೆಯಿಂದ ನನ್ನ ಅಡುಗೆಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದೆ. ಹೋಳಿಗೆ ಅವತ್ತೇ ಮುಗಿಯಿತು. ಆ ವಿಷಯದಲ್ಲಿ ನಾನು ತಡ ಮಾಡುವವಳಲ್ಲ. ತಡವಾಗುವುದು ಡಬ್ಬಿ ವಾಪಸ್ ಕೊಡುವಾಗ. ಖಾಲಿ ಕೊಡಬಾರದಲ್ಲ! ನಿಮ್ಮ ಮನೆಯಲ್ಲೂ ಹೀಗೇ ಇರಬೇಕು. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಬೀಳಬೇಕು.

ಶಹಾಪುರದ ಈ ಮಗ್ಗದ ಸದ್ದಿನ ನಡುವೆಯೂ ನನ್ನನ್ನು ಬಿಡದ ಈ ಚಟ ಅಂಟಿದ್ದು ಗಡಹಿಂಗ್ಲಜದ ನನ್ನ ಸೋದರತ್ತೆಯಿಂದ. ಅವಳ ಮನೆಯಿಂದ ಯಾರ ಪಾತ್ರೆಯೂ ಖಾಲಿ ಹೊರಟಿದ್ದಿಲ್ಲ. ಜೈನರ ಮನೆಯ ಡಬ್ಬಿಗೆ ಉಳ್ಳಾಗಡ್ಡಿ ಚಟ್ನಿ ನಡೆಯದೆಂದು, ತಲೆ ನರೆತ ಮೇಲೂ ಸೀರೆ ಕಚ್ಚೆ ಹಾಕಿಕೊಂಡು ಹಣ್ಣು ಕೀಳಲು ಪೇರಲ ಗಿಡ ಹತ್ತಿದ ಹೆಂಗಸು ಅವಳು. ಕೆಳಗೆ ನಿಂತು ಬೈಯುವ ಕೆಲಸ ನನ್ನದು.

ದೇವರ ಜೊತೆಗೂ ಅತ್ತೆಯದು ಇದೇ ವ್ಯವಹಾರ. ಚರ್ಚಿನ ನೆಲ ಒರೆಸುವವಳು ಅವಳೇ, ಮೇಜಿನ ಬಿಳಿ ಬಟ್ಟೆ ಒಗೆದು ನೀಲಿ ಹಾಕುವವಳೂ ಅವಳೇ. ಆದರೆ ಕರ್ತನ ಭೋಜನದ ಭಾನುವಾರ ಎಲ್ಲರೂ ಮುಂದೆ ಹೋಗಿ, ಮೊಣಕಾಲೂರಿ, ಕರ್ತನ ದೇಹವೆಂದು ಕೊಡುವ ರೊಟ್ಟಿಯ ತುಣುಕಿಗಾಗಿ ಅಂಗೈ ಚಾಚುವಾಗ ಅತ್ತೆ ಹಿಂದಿನ ಬೆಂಚಿನಿಂದ ಏಳುತ್ತಲೇ ಇರಲಿಲ್ಲ.

"ಯಾಕತ್ತಿ?" ಎಂದು ಕೇಳಿದರೆ, "ಕರ್ತ ತನ್ನ ಜೀವಾನ ಕೊಟ್ಟಾನ. ನಾ ಏನ್ ಕೊಟ್ಟೇನಿ? ಬರೇ ಕೈಲೆ ಹ್ಯಾಂಗ ಹೋಗ್ಲೆವಾ? ಇನ್ನೂ ಸ್ವಲ್ಪ ಸೇವಾ ಆಗ್ಲಿ" ಎನ್ನುತ್ತಿದ್ದಳು. ಸೇವೆ ವರ್ಷಗಟ್ಟಲೆ ಆಯಿತು. ಅವಳಿಗೆ ಸಾಕೆನಿಸಲಿಲ್ಲ.

ಅತ್ತೆ ಹಾಸಿಗೆ ಹಿಡಿದಾಗ ಪಾಸ್ಟರ್ ಆ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ತೆಗೆದುಕೊಂಡು ಮನೆಗೇ ಬಂದರು. ಮಂಚದ ಪಕ್ಕ ಕೂತು, "ಆಯಿ, ಇದು ಬಾಜೂಮನಿ ಡಬ್ಬಿ ಅಲ್ರಿ, ತುಂಬಿ ವಾಪಸ್ ಕೊಡಾಕ. ಕೃಪಾ ಅಂದ್ರ ಸುಮ್ನ ಕೈ ಚಾಚೂದು. ತೊಗೋರಿ" ಎಂದರು.

ಚಾದರದೊಳಗಿಂದ ಅತ್ತೆಯ ಕೈ ಅರ್ಧ ಹೊರಬಂತು. ಕೈ ಮತ್ತೆ ಒಳಗೆ ಹೋಯಿತು.

"ಮುಂದಿನ ತಿಂಗಳ ತೊಗೋತೇನ್ರಿ. ಒಮ್ಮೆ ಎದ್ದು ಚರ್ಚಿನ ಬಟ್ಟಿ ಒಗದು ಬರ್ತೇನಿ, ಆಮ್ಯಾಲೆ." ನನ್ನ ಕಡೆ ತಿರುಗಿ, "ಪಾಸ್ಟರ್‌ಗೆ ಪೇರಲ ಕಟ್ಟಿ ಕೊಡವಾ, ಬರೇ ಕೈಲೆ ಕಳಸಬ್ಯಾಡ" ಎಂದಳು.

ಆ ಮುಂದಿನ ತಿಂಗಳು ಅವಳಿಗೆ ಬರಲಿಲ್ಲ. ದೇವರು ಅವಳ ಕೈ ಬಿಟ್ಟಿರಲಾರ, ಅದು ನನಗೆ ಗೊತ್ತು. ಆದರೂ ಊರಿಗೆಲ್ಲ ಕೊಟ್ಟ ಕೈ ಒಂದು ತುಣುಕು ರೊಟ್ಟಿ ತೆಗೆದುಕೊಳ್ಳಲಾರದೆ ಹೋಯಿತಲ್ಲ ಎಂಬ ಸಂಕಟ ಇಂದಿಗೂ ಆರಿಲ್ಲ.

ಇವತ್ತು ಸಕ್ಕರೆ ಡಬ್ಬದ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿದೆ. ಪದ್ಮಕ್ಕನ ಡಬ್ಬಿ ತೊಳೆದು, ಒರೆಸಿ, ಹಾಗೇ ಒಯ್ದೆ. ಬಾಗಿಲಲ್ಲಿ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಖಾಲೀನ ತಂದೇನ್ರಿ, ಪದ್ಮಕ್ಕ."

"ಅದಕ್ಕೇನಾತ್ರಿ? ಒಳಗ ಬರ್ರಿ. ಈಗರ ಚಕ್ಕಲಿ ಕರದೇನಿ, ಬಿಸಿ ಅದಾವ. ಹಿಡೀರಿ ಕೈ."

ನನ್ನ ಕೈ ತಾನಾಗಿಯೇ ಸೆರಗಿನೊಳಗೆ ಸರಿಯಿತು. ಅದನ್ನು ಹೊರಗೆ ತಂದು, ಎರಡೂ ಅಂಗೈ ಚಾಚಿದೆ.

ಇಷ್ಟೇ ಇತ್ತು ನೋಡು, ಅತ್ತಿ.