ಶಾಂಘೈ ಊರಿನವರು ಮಾಡಿದ್ದೇನು?

ಶಾಂಘೈ ಎಂಬ ಊರನ್ನು ನಾನು ನೋಡಿಲ್ಲ. ಚೀನಾದಲ್ಲಿದೆಯಂತೆ, ದೊಡ್ಡ ಬಂದರಂತೆ. ನಾನು ಓದಿದ್ದು ನಾಲ್ಕನೇ ತರಗತಿ, ಅದೂ ಪೂರ್ತಿಯಲ್ಲ. ಆದರೂ ಆ ಊರಿನ ಸಲುವಾಗಿ ಹೋದ ಬೇಸಿಗೆಯಲ್ಲಿ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಗನ ಮಗಳು ಒಂಬತ್ತನೇ ತರಗತಿ ಮುಗಿಸಿ ರಜೆಯಲ್ಲಿದ್ದಳು. ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ತೊಗರಿಬೇಳೆ ಕೇರುತ್ತಿದ್ದೆ. ಅವಳು ಮೊಬೈಲ್ ನೋಡಿ ಇಂಗ್ಲಿಷ್ ಶಬ್ದಗಳ ಅರ್ಥ ಬರೆದುಕೊಳ್ಳುತ್ತಿದ್ದಳು.

"ಆಯಿ, ಶಾಂಘೈ ಅಂದ್ರ ಸಮುದ್ರದ ಮ್ಯಾಲ ಅಂತ ಅರ್ಥ. ಚಂದ ಅದ ಅಲಾ?"

"ಚಂದ ಅದ. ಮುಂದ?"

"ಇಂಗ್ಲಿಷ್‌ನ್ಯಾಗ ಅದಕ್ಕ ಬ್ಯಾರೇ ಅರ್ಥ ಹಚ್ಯಾರ. ಯಾರನ್ನರ ಮೋಸ ಮಾಡಿ, ಇಲ್ಲಾ ಜುಲುಮಿ ಮಾಡಿ ಎಳ್ಕೊಂಡು ಹೋಗಿ ದುಡಿಸೋದಕ್ಕ ಶಾಂಘೈ ಮಾಡೋದು ಅಂತಾರಂತ."

ಹಿಂದೆ ಅಮೆರಿಕದ ಬಂದರುಗಳಲ್ಲಿ ಹಡಗಿನ ಕೆಲಸಕ್ಕೆ ಆಳು ಸಿಗದಿದ್ದರೆ, ದಲ್ಲಾಳಿಗಳು ಗಂಡಸರಿಗೆ ಅಮಲು ಬರುವಂಥದ್ದು ಕುಡಿಸಿ, ಎಚ್ಚರ ತಪ್ಪಿದವರನ್ನು ಹಡಗಿಗೆ ಹಾಕುತ್ತಿದ್ದರಂತೆ. ಕಣ್ಣು ಬಿಟ್ಟರೆ ಸುತ್ತ ನೀರು. ಅಂಥ ಹಡಗುಗಳು ಶಾಂಘೈ ಕಡೆ ಹೋಗುತ್ತಿದ್ದವು, ಅದಕ್ಕೇ ಆ ಹೆಸರು.

"ಅದ್ರಾಗ ಆ ಊರವರು ಮಾಡಿದ್ದೇನು?"

"ಏನೂ ಇಲ್ಲ."

"ಮತ್ತ ಅವರ ಹೆಸರ್ಯಾಕ ಕೆಡಿಸ್ಯಾರ? ಹಿಡ್ಕೊಂಡು ಹೋದವರ ಊರಿನ ಹೆಸರು ಇಡಬೇಕಿತ್ತು."

"ನನಗ್ಯಾಕ ಬೈತಿ ಆಯಿ? ಡಿಕ್ಷನರಿ ನಾ ಬರ್ದೀನೇನು?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಾನು ಹತ್ತು ವರ್ಷದವಳಿದ್ದಾಗ ನನ್ನ ಸೋದರತ್ತೆಯೊಬ್ಬಳು ಕಲಬುರಗಿಯಿಂದ ಬಂದಿದ್ದಳು. ಎಂಟು ದಿನ ಬಾ, ಕೋಟೆ ತೋರಿಸುತ್ತೇನೆ, ಕೈತುಂಬ ಬಳೆ ಇಡಿಸುತ್ತೇನೆ ಎಂದಳು. ಆ ಎಂಟು ದಿನ ಎರಡು ವರ್ಷವಾಯಿತು. ಅವಳ ಕೂಸು ನನ್ನ ಸೊಂಟದಿಂದ ಇಳಿಯಲೇ ಇಲ್ಲ. ಕೋಟೆ ನೋಡಿದ್ದು ನನ್ನ ಮದುವೆಯಾದ ಮೇಲೆ. ನಮ್ಮ ಮಂದಿಯಲ್ಲಿ ಇದಕ್ಕೆ ದುಡಿತ ಎನ್ನುವುದಿಲ್ಲ, 'ಕೂಸು ಆಡಿಸಲು ಹೋಗಿದ್ದಾಳೆ' ಎನ್ನುತ್ತಾರೆ. ಯಾರ ಮನೆಯಲ್ಲಿ ಬಾಣಂತನವಿದ್ದರೂ ಬಳಗದ ಒಂದು ಹುಡುಗಿ ಹೋಗಬೇಕು. ಗಂಡು ಹುಡುಗನನ್ನು ಕಳಿಸಿದ್ದು ನಾನು ಕಂಡಿಲ್ಲ. ತಿರುಗಿ ಬಂದಾಗ ಸಾಲೆಯಲ್ಲಿ ನನ್ನ ಹೆಸರು ಹೊಡೆದು ಹಾಕಿದ್ದರು. ಅಪ್ಪ ಮಂದಿಗೆ ಹೇಳಿದ್ದೇನು? "ಇದಕ್ಕ ಓದು ತಲೀಗಿ ಹತ್ತಲಿಲ್ಲ." ಎಳೆದೊಯ್ದವಳು ಒಬ್ಬಳು, ದಡ್ಡಿ ಎಂಬ ಹೆಸರು ನನಗೆ.

ನಾಲ್ಕು ದಿನ ಬಿಟ್ಟು ನನ್ನ ಹಿರಿಮಗಳು ಕಲಬುರಗಿಯಿಂದ ಬಂದಳು. ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಅವಳ ಸಂಸಾರ. ಅವಳ ಸೊಸೆ ಹಡೆದಿದ್ದಳು, ಆ ಹುಡುಗಿಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ. ಮಗಳು ಕೈಕಾಲು ತೊಳೆದು ಕೂತವಳೇ ನನ್ನ ಮೊಮ್ಮಗಳ ಗಲ್ಲ ಹಿಡಿದಳು.

"ನಡಿ ನನ್ನ ಬಂಗಾರ, ಜಗತ್ ಬಜಾರದಾಗ ಡ್ರೆಸ್ ಕೊಡಸ್ತೀನಿ. ಎಂಟು ದಿನ ಇದ್ದು ಬರುವಂತಿ."

ಹುಡುಗಿ ಆಗಲೇ ಚೀಲ ತುಂಬಿದಳು! ನನ್ನ ಮಗ ಅಕ್ಕನ ಮುಂದೆ ಬಾಯಿ ಬಿಡುವವನಲ್ಲ. ಹದಿನೈದು ದಿನಕ್ಕೆ ಹತ್ತನೇ ತರಗತಿ ಶುರು.

"ಆಕಿ ಬರಂಗಿಲ್ಲ" ಎಂದೆ.

"ಯಾಕವ್ವ? ನಾ ಏನ್ ಪರದೇಶದಾಗ ಅದೀನೇನು?"

"ಎಂಟು ದಿನ ಅಂದ್ರ ಎಷ್ಟು ಅಂತ ನನಗ ಗೊತ್ತದ. ಸಾಲಿ ಬಿಡಸ್ತಿ ನೀ."

"ಓಹೋ! ನನಗ ಹನ್ನೆರಡು ವರ್ಷ ಇದ್ದಾಗ ನಿನ್ನ ನಾದಿನಿ ಮನಿಗಿ ಕಳಿಸಿದವಳು ನೀನೇ ಅಲ್ಲೇನು? ಆವಾಗ ಸಾಲಿ ನೆನಪಿದ್ದಿಲ್ಲ?"

ಹೌದು, ಕಳಿಸಿದ್ದೆ. ಅವಳು ಅಳುತ್ತಿದ್ದರೂ ನಾನೇ ಕೈ ಹಿಡಿದು ಬಸ್ಸಿಗೆ ಹತ್ತಿಸಿದ್ದೆ. ಅವಳ ಮೇಲಿನ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

"ಕಳಿಸಿದ್ದೆ. ಹೊಲಸು ಕೆಲಸ ಮಾಡಿದ್ದೆ. ಅದಕ್ಕ ಈಕಿ ಯಾಕ ಸಾಲಿ ಬಿಡಬೇಕು?"

"ಹಂಗಾದ್ರ ನನ್ನ ಮನ್ಯಾಗ ಕೂಸು ಯಾರು ಹಿಡೀಬೇಕು? ನೀ ಬರ್ತಿಯೇನು?"

"ಬರ್ತೀನಿ."

ಮೊಮ್ಮಗಳ ಚೀಲದಿಂದ ಅವಳ ಬಟ್ಟೆ ತೆಗೆದು, ನನ್ನ ಎರಡು ಸೀರೆ ತುರುಕಿದೆ. ಹುಡುಗಿ ಮುಖ ಊದಿಸಿಕೊಂಡು ಒಳಗೆ ಹೋದಳು. ಊದಿಸಿಕೊಳ್ಳಲಿ. ನಾನು ಮಗಳ ಜೊತೆ ಕಲಬುರಗಿ ಬಸ್ಸು ಹತ್ತಿದೆ.

ಖೂಬಾ ಪ್ಲಾಟಿನಲ್ಲಿ ಎರಡು ತಿಂಗಳಿದ್ದೆ. ಮೊಣಕಾಲು ಸತ್ತುಹೋದವು. ಆದರೆ ಹೋದ ಮರುದಿನವೇ ಕೂಸಿನ ಅಪ್ಪನನ್ನು, ಅಂದರೆ ಮಗಳ ಮಗನನ್ನು, ಬಚ್ಚಲಿಗೆ ಕರೆದು ಕೂಸಿನ ಬಟ್ಟೆಗಳ ಬಕೀಟು ಮುಂದಿಟ್ಟೆ.

"ಆಯಿ, ನನಗಿದು ಬರಂಗಿಲ್ಲ."

"ನಿನ್ನ ಮಾಮನ ಮಗಳಿಗೂ ಬರ್ತಿದ್ದಿಲ್ಲ. ಆಕಿಗಿ ಕಲಿಸೋರಿದ್ರಿ. ಕುಂದ್ರು."

ಅವನು ತಾಯಿಯ ಮುಖ ನೋಡಿದ. ಅವಳು ಅಡುಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಸಾಬೂನು ಕೊಟ್ಟೆ.